ಸರ್ವರ್ ಯಾವೂರ್ದು?

ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಹತ್ತಿದವರಿಗೆ ಗೊತ್ತಿರುತ್ತದೆ, ಎರಡೂ ಒಂದೇ ಜಿಲ್ಲೆಯ ತಾಲ್ಲೂಕುಗಳಾದರೂ ನಡುವೆ ಆಂಧ್ರ ಬಂದು ಹೋಗುತ್ತದೆ. ಪಾವಗಡಕ್ಕೆ ತುಮಕೂರು ಜಿಲ್ಲೆಯ ಮಿಕ್ಕ ಭಾಗದ ನಂಟಿಲ್ಲ. ಒಂದು ಪಕ್ಕ ಚಿತ್ರದುರ್ಗ ಜಿಲ್ಲೆ, ಮಿಕ್ಕ ಸುತ್ತೆಲ್ಲ ಆಂಧ್ರ. ಇದನ್ನು ನಮಗೆ ಚೆನ್ನಾಗಿ ಮನವರಿಕೆ ಮಾಡಿಕೊಟ್ಟದ್ದು ಭೂಪಟವಲ್ಲ, ಮೊಬೈಲು. ಬಸ್ಸು ಗಡಿ ದಾಟುತ್ತಿದ್ದಂತೆ ಜೇಬಿನಲ್ಲಿ ಫೋನು ಗುಂಯ್ ಎಂದು ಆಂಧ್ರಕ್ಕೆ ಸ್ವಾಗತ ಕೋರುತ್ತಿತ್ತು. ಅಲ್ಲಿಂದ ಮುಂದೆ ಯಾರೂ ಫೋನ್ ಎತ್ತುತ್ತಿರಲಿಲ್ಲ. ಎತ್ತಿದವರ ದುಡ್ಡೂ ಹೋಗುತ್ತಿತ್ತಲ್ಲ. ಬಿಎಸ್‌ಎನ್‌ಎಲ್ 2015ರ ಜೂನ್ 15ರಿಂದ ರೋಮಿಂಗಿನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿದ ಮೇಲೆ ಆ ಕಾಟ ನಿಧಾನಕ್ಕೆ ಕಡಿಮೆಯಾಯಿತು. ಫೋನಿನ ಚಂಚಲ ಬುದ್ಧಿ ಮಾತ್ರ ಹೋಗಲಿಲ್ಲ. ನಮ್ಮ ರಾಯಚರ್ಲುವಿನಲ್ಲಿ ಜಗಲಿಯ ಮೇಲೆ ಕೂತಾಗ ಒಂದು ಟವರು, ಹಿತ್ತಲಿಗೆ ಹೋದರೆ ಇನ್ನೊಂದು. ನಿಂತಲ್ಲೇ ನಿಂತಿದ್ದರೂ ಕೆಲವು ಸಲ ರಾಜ್ಯ ಬದಲಾಗುತ್ತಿತ್ತು.

ಹೊರಗಿನವರಿಗೆ ನಮ್ಮೂರು ಅಂದರೆ ಸೋಲಾರ್ ಪಾರ್ಕು. ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ರಾಯಚರ್ಲು, ಈ ಐದು ಊರುಗಳ ಸುಮಾರು 13 ಸಾವಿರ ಎಕರೆ ಜಮೀನನ್ನು ಗುತ್ತಿಗೆಗೆ ತೆಗೆದುಕೊಂಡು ಮಾಡಿದ್ದು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019 ಮುಗಿಯುವ ಹೊತ್ತಿಗೆ 2,050 ಮೆಗಾವಾಟ್ ಮುಟ್ಟಿತು. ಶುರುವಿನಲ್ಲಿ ಗುತ್ತಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ನಮ್ಮಪ್ಪನ ಜಮೀನಿನಲ್ಲೂ ಒಂದು ಪಾಲು ಅದಕ್ಕೆ ಹೋಯಿತು. ಉಳಿದ ತುಂಡಿನಲ್ಲಿ ಎಂದಿನಂತೆ ಕಡ್ಲೆಕಾಯಿ ಹಾಕಿ, ಎಂದಿನಂತೆ ಮುಗಿಲು ನೋಡುತ್ತಿದ್ದರು. ದೇಶಕ್ಕೆಲ್ಲ ಕರೆಂಟು ಕೊಡುವ ಊರು ಎಂದು ಪೇಪರಿನಲ್ಲಿ ಬಂದರೂ ಇಂಟರ್ನೆಟ್ಟಿನ ವಿಷಯಕ್ಕೆ ಬಂದಾಗ ನಾವು ತಾಲ್ಲೂಕಿನ ಮೂಲೆಯವರೇ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂರುವುದಕ್ಕಿಂತ ಊರೇ ವಾಸಿ ಅನಿಸಿ, ಓಡಾಟಕ್ಕೆ ದಾರಿ ಬಿಟ್ಟ ಮೇಲೆ ಬಂದುಬಿಟ್ಟೆ. ನನ್ನದು ಪರದೇಶದ ಗಿರಾಕಿಗಳ ಲೆಕ್ಕಪತ್ರ ನೋಡುವ ಕೆಲಸ, ದಿನಕ್ಕೆ ಅರ್ಧ ಹೊತ್ತು ವಿಡಿಯೋ ಮೀಟಿಂಗು. ಆಫೀಸಿನವರು ಒಂದೇ ಷರತ್ತು ಹಾಕಿದ್ದರು: ಮನೆಯ ಇಂಟರ್ನೆಟ್ ಎಷ್ಟಿದೆ ಎಂಬುದಕ್ಕೆ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟ್ ಕಳಿಸಬೇಕು. ಪುಣ್ಯಕ್ಕೆ ಅಷ್ಟರಲ್ಲಿ ಊರಿಗೆ ಫೈಬರ್ ಬಂದಿತ್ತು. ಟಿವಿ ಕೇಬಲ್ ಕೊಡುತ್ತಿದ್ದವರೇ ಲೈಟು ಕಂಬದಿಂದ ಕಂಬಕ್ಕೆ ಕರೀ ವೈಯರ್ ಎಳೆದು, ನಮ್ಮ ಬಾಗಿಲ ಹುಣಿಸೆ ಮರಕ್ಕೊಂದು ಸುತ್ತು ಹಾಕಿ, ಕಿಟಕಿಯ ಸಂದಿಯಲ್ಲಿ ತೂರಿಸಿ ಡಬ್ಬಿ ಕೂರಿಸಿದ್ದರು. ಪ್ಲಾನು 40 ಎಂಬಿಪಿಎಸ್. ಆಗಿನ ಸರ್ಕಾರಿ ಲೆಕ್ಕದಲ್ಲಿ 512 ಕೆಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. 2 ಎಂಬಿಪಿಎಸ್ ಆಗಬೇಕು ಎಂದು ತಿದ್ದಿದ್ದು 2023ರಲ್ಲಿ. ಹಾಗೆ ನೋಡಿದರೆ ನಾನು ಕುಬೇರ.

ಮೊದಲ ದಿನ ಊಕ್ಲಾದವರ ಸ್ಪೀಡ್‌ಟೆಸ್ಟ್ ಹಾಕಿದೆ. 38 ಎಂದಿತು. ಸಂತೋಷವಾಯಿತು. ಖಾತ್ರಿಗಿರಲಿ ಎಂದು ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ತೆರೆದೆ. 21. ಗೂಗಲ್‌ನಲ್ಲಿ ಸ್ಪೀಡ್ ಟೆಸ್ಟ್ ಎಂದು ಹುಡುಕಿದರೆ ಮೇಲೆಯೇ ಬರುವ ನೀಲಿ ಗುಂಡಿ ಒತ್ತಿದೆ. 6. ಮತ್ತೆ ಊಕ್ಲಾ. 37. ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಕುರ್ಚಿಯಲ್ಲಿ ಕೂತು, ಕಾಫಿ ಆರುವಷ್ಟು ಹೊತ್ತಿನಲ್ಲಿ. ಇಷ್ಟು ಸಾಲದೆಂಬಂತೆ ಮೀಟಿಂಗಿನಲ್ಲಿ ನನ್ನ ಮುಖ ಕಲ್ಲಾಗಿ ನಿಲ್ಲುತ್ತಿತ್ತು, ಮಾತು ತುಂಡು ತುಂಡು.

ಫೈಬರಿನವರಿಗೆ ಫೋನ್ ಮಾಡಿದರೆ ಒಬ್ಬ ಹುಡುಗ ಬಂದ. ಬಾಯಿಗೆ ಟವೆಲ್ ಕಟ್ಟಿಕೊಂಡೇ ಡಬ್ಬಿ ಪಕ್ಕ ನಿಂತು ತನ್ನ ಫೋನಿನಲ್ಲಿ ಟೆಸ್ಟ್ ಹಾಕಿ ತೋರಿಸಿದ. "ನೋಡ್ರಣ್ಣ, ಫುಲ್ಲು ಬತ್ತೈತೆ. ಲೈನು ಕ್ಲೀನು. ನಿಮ್ ಲ್ಯಾಪ್‌ಟಾಪೇ ಪ್ರಾಬ್ಲಮ್ಮು." ಅವನು ಸುಳ್ಳು ಹೇಳಲಿಲ್ಲ. ಅವನ ಫೋನಿನಲ್ಲಿ 39 ಇತ್ತು, ಕಣ್ಣಾರೆ ಕಂಡೆ.

ನನ್ನ ಅಕ್ಕನ ಮಗ ಆಗ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಂದಕ್ಕೆ ಹೋಗಿ, ಮಾಡಲು ಕೆಲಸವಿಲ್ಲದೆ ನನ್ನ ಬೆನ್ನಿಗೇ ಇರುತ್ತಿದ್ದ. ಅವನದು ಬೇರೆ ತಕರಾರು. "ಮಾವ, ನಲವತ್ತೂ ಇಲ್ಲ ಮೂವತ್ತೂ ಇಲ್ಲ, ಗೇಮ್ ಡೌನ್‌ಲೋಡ್ ಹಾಕಿದ್ರೆ ನಾಲ್ಕೂವರೆ ಅಂತ ತೋರಿಸ್ತೈತೆ. ಎಲ್ಲಾ ಮೋಸ." ಮೋಸವಿಲ್ಲ. ಕಂಪನಿಯವರು ವೇಗ ಹೇಳುವುದು ಬಿಟ್ಟಿನಲ್ಲಿ, ಡೌನ್‌ಲೋಡ್ ಕಿಟಕಿ ತೋರಿಸುವುದು ಬೈಟಿನಲ್ಲಿ; 8 ಬಿಟ್ಟಿಗೆ 1 ಬೈಟು. ನಾಲ್ಕೂವರೆಯನ್ನು ಎಂಟರಿಂದ ಗುಣಿಸಿದರೆ 36. ದೇಶದಲ್ಲಿ ಇಂಟರ್ನೆಟ್ ಜಗಳಗಳ ದೊಡ್ಡ ಪಾಲು ಈ ಎಂಟರ ಮಗ್ಗಿಯಲ್ಲೇ ತೀರಿಹೋಗುತ್ತದೆ ಎಂದು ನನಗೆ ಗುಮಾನಿ. ಅವನಿಗೆ ಲೆಕ್ಕ ಒಪ್ಪಿಗೆಯಾಯಿತು, ಮುಖ ಮಾತ್ರ ಮೋಸ ಹೋದವನಂತೆಯೇ ಇತ್ತು.

ಸರಿ, ಒಂದೊಂದಾಗಿ ಬಿಡಿಸೋಣ ಎಂದು ಕೂತೆವು. ಪಾವಗಡದ ಶನಿಮಹಾತ್ಮನ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಹುಡುಗ ಕಲಂ ಮಾಡಿದ: ಹೊತ್ತು, ಟೆಸ್ಟಿನ ಹೆಸರು, ವೈಫೈಯೋ ವೈಯರೋ, ಬಂದ ಅಂಕಿ. ಸರ್ವರ್ ಎಂಬ ಕಲಂ ಆಮೇಲೆ ಸೇರಿದ್ದು. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದೂ ಅದೇ.

ಮೊದಲು ವೈಫೈ. ನಮ್ಮ ಕಡೆಯ ಹಳೇ ಮನೆಗಳ ಗೋಡೆ ಕಲ್ಲಿನದು, ಮೇಲೆ ಚಪ್ಪಡಿ. ಡಬ್ಬಿ ಇದ್ದದ್ದು ಪಡಸಾಲೆಯಲ್ಲಿ, ನಾನು ಕೂರುತ್ತಿದ್ದದ್ದು ಒಳಕೋಣೆಯಲ್ಲಿ. ಡಬ್ಬಿ ಅಗ್ಗದ್ದು, 2.4 ಗಿಗಾಹರ್ಟ್ಸ್ ಒಂದೇ ಗೊತ್ತು. ಆ ತರಂಗ ಗೋಡೆಯನ್ನು ಅಷ್ಟಿಷ್ಟು ದಾಟುತ್ತದೆ, ಆದರೆ ಸಾವಕಾಶ, ಅಕ್ಕಪಕ್ಕದ ಮನೆಯವರದೂ ಅದರಲ್ಲೇ ಬೆರೆಯುತ್ತದೆ. 5 ಗಿಗಾಹರ್ಟ್ಸ್ ಚುರುಕು, ಗೋಡೆ ಕಂಡರೆ ಸೋಲುತ್ತದೆ. ಕೇಬಲ್ ಹುಡುಗ ಡಬ್ಬಿಗೆ ಒರಗಿ ನಿಂತು ಟೆಸ್ಟ್ ಹಾಕಿದ್ದನ್ನು ಆಗ ನೆನೆಸಿಕೊಂಡೆ. ಅಂಗಡಿಗಳೆಲ್ಲ ಮುಚ್ಚಿದ್ದವು. ಬೀಗ ಹಾಕಿದ ಕಂಪ್ಯೂಟರ್ ಸೆಂಟರೊಂದರಿಂದ ಪರಿಚಯದವರು ಹಳೇ ಲ್ಯಾನ್ ವೈಯರ್ ತಂದುಕೊಟ್ಟರು. ವೈಯರಿನ ವಿಷಯದಲ್ಲೂ ಒಂದು ಮಾತು: ಅದರೊಳಗೆ ಎಂಟು ಎಳೆ ಇರುತ್ತವೆ, ಒಂದು ಎಳೆ ತುಂಡಾದರೂ ಗಿಗಾಬಿಟ್ ಓಡುವುದು 100ಕ್ಕೆ ಇಳಿಯಬಹುದು. ಬೆಂಗಳೂರಿನ ಗೆಳೆಯನೊಬ್ಬ 200ರ ಪ್ಲಾನಿಗೆ ದುಡ್ಡು ಕಟ್ಟಿ, ಯಾವ ಟೆಸ್ಟ್ ಹಾಕಿದರೂ 94ಕ್ಕೇ ನಿಲ್ಲುತ್ತದೆಂದು ಜಗಳವಾಡುತ್ತಿದ್ದ. 94 ಎಂಬ ಅಂಕಿ ಮತ್ತೆ ಮತ್ತೆ ಬಂದರೆ ಬೈಗುಳ ಬದಿಗಿಟ್ಟು ವೈಯರ್ ನೋಡಬೇಕು. ನಮ್ಮ 40ಕ್ಕೆ ಆ ಚಿಂತೆ ಇರಲಿಲ್ಲ.

ವೈಯರ್ ಚುಚ್ಚಿದ ಮೇಲೆ, ಹುಡುಗನ ಫೋನು, ಟಿವಿ ಎಲ್ಲ ಬಂದ್ ಮಾಡಿಸಿದ ಮೇಲೆ ಊಕ್ಲಾ ಮತ್ತು ಫಾಸ್ಟ್ ಹತ್ತಿರ ಹತ್ತಿರ ಬಂದವು, 38 ಮತ್ತು 34. ಗೂಗಲ್ಲಿನದು ಮಾತ್ರ ತನ್ನ ಇಷ್ಟದಂತೆ ಕುಣಿಯುತ್ತಿತ್ತು. ಒಮ್ಮೆ 30, ಒಮ್ಮೆ 5.

ಇಲ್ಲಿಗೆ ಬಂದಾಗ ನಮ್ಮಪ್ಪ ಜಗಲಿಯಿಂದಲೇ ಕೇಳಿದರು, "ಅದು ಅಳೆಯೋದು ಎಲ್ಲಿಂದ ಎಲ್ಲಿಗಪ್ಪ?"

ಹೇಳಿದೆ. ಟೆಸ್ಟ್ ಅಂದರೆ ಯಾವುದೋ ಊರಿನ ಒಂದು ಕಂಪ್ಯೂಟರಿನಿಂದ ನಮ್ಮನೆಗೆ ಕಸದಂಥ ಮಾಹಿತಿ ಸುರಿಸಿ, ಎಷ್ಟು ಹೊತ್ತಿಗೆ ಎಷ್ಟು ಬಂತು ಎಂದು ನೋಡುವುದು. 2006ರಲ್ಲಿ ಶುರುವಾದ ಊಕ್ಲಾದವರದು ಸಾವಿರಾರು ಸರ್ವರು, ಬಹಳಷ್ಟನ್ನು ಇಂಟರ್ನೆಟ್ ಕಂಪನಿಗಳೇ ತಮ್ಮ ಜಾಗದಲ್ಲಿ ಇಟ್ಟುಕೊಂಡಿರುತ್ತವೆ. ಅದು ಹತ್ತಿರದ, ಬೇಗ ಉತ್ತರ ಕೊಡುವ ಸರ್ವರನ್ನು ತಾನೇ ಆರಿಸುತ್ತದೆ. ನನಗೆ ಸಿಗುತ್ತಿದ್ದದ್ದು ಕಂಪನಿಯದೇ ಸರ್ವರ್. ಅಂದರೆ ಅದು ಅಳೆಯುತ್ತಿದ್ದದ್ದು ನಮ್ಮ ಕಿಟಕಿಯಿಂದ ಕಂಪನಿಯ ಹೊಸಿಲವರೆಗೆ. ಫಾಸ್ಟ್, ನೆಟ್‌ಫ್ಲಿಕ್ಸ್ 2016ರಲ್ಲಿ ಬಿಟ್ಟದ್ದು, ಸಿನಿಮಾ ಇಟ್ಟಿರುವ ತನ್ನ ಸರ್ವರುಗಳಿಂದಲೇ ಅಳೆಯುತ್ತದೆ. ಸಿನಿಮಾ ಸರಿಯಾಗಿ ಬರುತ್ತದೆಯೇ ಎಂಬುದೊಂದೇ ಅದರ ಚಿಂತೆ. ಗೂಗಲ್ ಗುಂಡಿಯ ಹಿಂದೆ ಇರುವುದು ಎಂ-ಲ್ಯಾಬ್ ಎಂಬ ಸಂಶೋಧಕರ ಗುಂಪಿನ ಟೆಸ್ಟು, 2009ರಿಂದ ನಡೆಯುತ್ತಿರುವಂಥದು. ಅದರ ಸರ್ವರ್ ನನಗೆ ಸಿಕ್ಕಿದ್ದು ಮುಂಬೈಯಲ್ಲಿ.

ಅಪ್ಪ ನಕ್ಕರು. "ಮತ್ತೆ ಇದ್ರಾಗೆ ಬಿಡಿಸೋದೇನೈತೆ? ಹೋಬಳಿ ಮಾಪಕದಾಗೆ ಮಳೆ ಬಿದ್ದೈತೆ ಅಂತ ಬರ್ಕೊಂಡ್ರೆ ನಮ್ ಹೊಲದಾಗೆ ಬಿದ್ದಂಗಾ? ಮಾಪಕ ಸುಳ್ಳು ಹೇಳಲ್ಲ. ಅದು ನಮ್ ಹೊಲದಾಗಿಲ್ಲ, ಅಷ್ಟೇಯ."

ಬರದ ತಾಲ್ಲೂಕಿನ ರೈತನಿಗೆ ಅಳತೆಯ ವಿಷಯ ಯಾರೂ ಪಾಠ ಮಾಡಬೇಕಿಲ್ಲ. ದೇಶದಲ್ಲೇ ಮೊದಲು ಎಂಬಂತೆ 1988ರಲ್ಲಿ ಬರ ನೋಡಿಕೊಳ್ಳಲು ಒಂದು ಕೇಂದ್ರ ತೆರೆದದ್ದು ಕರ್ನಾಟಕ. ಅದೇ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಆಮೇಲೆ ಪಂಚಾಯ್ತಿಗೊಂದರಂತೆ, ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳು ಬಂದವು. ಬೆಳೆ ವಿಮೆಯ ಮಾತು ಬಂದಾಗಲೆಲ್ಲ ಮಾಪಕ ಎಲ್ಲಿದೆ, ಮೋಡ ಯಾವ ಕಡೆಯಿಂದ ಬಂತು ಎಂಬ ಚರ್ಚೆ ನಮ್ಮ ಜಗಲಿಯಲ್ಲಿ ರಾತ್ರಿ ಊಟದವರೆಗೂ ನಡೆಯುತ್ತಿತ್ತು. ಅಲ್ಲಿ ಪಳಗಿದವರು ಈ ಮೂರು ಅಂಕಿಗೆ ಹೆದರುತ್ತಾರೆಯೇ? ಸರ್ವರ್ ಎಂಬ ಕಲಂ ಕ್ಯಾಲೆಂಡರಿಗೆ ಸೇರಿದ್ದು ಅವತ್ತು.

ಹಾಗಂತ ದೂರವೊಂದೇ ಕಾರಣವಾಗಿದ್ದರೆ ಮುಂಬೈಯ ಅಂಕಿ ಯಾವಾಗಲೂ ಕಡಿಮೆ ಇರಬೇಕಿತ್ತು. ಅದು 30ರಿಂದ 5ಕ್ಕೆ, 5ರಿಂದ 30ಕ್ಕೆ ಜಿಗಿಯುವುದೇಕೆ? ಊಕ್ಲಾದಲ್ಲಿ ಸರ್ವರ್ ಬದಲಾಯಿಸಲು ಬರುತ್ತದೆ. ಬೇಕೆಂದೇ ಮುಂಬೈ ಆರಿಸಿ ಹಾಕಿದೆವು. ಆಗಲೂ 35! ಅಲ್ಲಿಗೆ ದಾರಿಯ ದೂರದ ಮೇಲಿದ್ದ ಅನುಮಾನ ಹೋಯಿತು. ಉಳಿದದ್ದು ಎರಡು ಟೆಸ್ಟುಗಳು ಅಳೆಯುವ ರೀತಿಯ ವ್ಯತ್ಯಾಸ.

ಊಕ್ಲಾ ಒಂದೇ ಹೊತ್ತಿಗೆ ಹಲವು ಸಂಪರ್ಕ ತೆರೆದು ಎಲ್ಲದರಿಂದಲೂ ಸುರಿಸುತ್ತದೆ. ಎಂ-ಲ್ಯಾಬ್ ತೆರೆಯುವುದು ಒಂದೇ ಸಂಪರ್ಕ. ಇಂಟರ್ನೆಟ್ಟಿನ ಸಾಗಣೆಗೆ ಒಂದು ಶಿಸ್ತಿದೆ: ಕಳಿಸಿದ ಮಾಹಿತಿಯ ಪೊಟ್ಟಣ, ಅಂದರೆ ಪ್ಯಾಕೆಟ್, ದಾರಿಯಲ್ಲಿ ಕಳೆದುಹೋದರೆ, ರಸ್ತೆ ಕಿಕ್ಕಿರಿದಿದೆ ಎಂದು ತಿಳಿದು ಕಳಿಸುವವನು ವೇಗ ತಗ್ಗಿಸುತ್ತಾನೆ, ಮತ್ತೆ ಮೆಲ್ಲಗೆ ಏರಿಸುತ್ತಾನೆ. ಏರಿಸುವುದು ಎಷ್ಟು ಮೆಲ್ಲಗೆ ಎಂಬುದು ಹೋಗಿ ಬರುವ ಹೊತ್ತಿನ ಮೇಲೆ ನಿಂತಿದೆ, ಹಾಗಾಗಿ ದೂರದ ಸರ್ವರಾದರೆ ಚೇತರಿಕೆಯೂ ತಡ. ಹಲವು ಸಂಪರ್ಕಗಳಿದ್ದಾಗ ಒಂದು ಕುಗ್ಗಿದರೂ ಮಿಕ್ಕವು ಆ ಜಾಗ ತುಂಬುತ್ತವೆ. ಅಂಕಿಯಲ್ಲಿ ಏನೂ ಕಾಣುವುದಿಲ್ಲ. ಒಂದೇ ಇದ್ದಾಗ ನಾಲ್ಕು ಪೊಟ್ಟಣ ಕಳೆದರೂ ಸಾಕು, ಮುಗ್ಗರಿಸುತ್ತದೆ. ನನ್ನ ವಿಡಿಯೋ ಮೀಟಿಂಗಿಗೂ ಅಷ್ಟೇ, 2-3 ಎಂಬಿಪಿಎಸ್ ಸಾಕು, ಆದರೆ ಪೊಟ್ಟಣ ಕಳೆಯಬಾರದು, ಹೊತ್ತಿಗೆ ಸರಿಯಾಗಿ ಬರಬೇಕು. ಅಲ್ಲಿಯವರೆಗೆ ನಾನು ಯಾವ ಟೆಸ್ಟ್ ನಿಜ ಎಂದು ಕೇಳುತ್ತಿದ್ದೆ. ಎರಡರ ಜಗಳವೇ ರೋಗದ ಹೆಸರು ಹೇಳುತ್ತಿತ್ತು: ಅಗಲ ಸಾಕಷ್ಟಿದೆ, ಎಲ್ಲೋ ಸೋರುತ್ತಿದೆ.

ಎಲ್ಲಿ ಎಂದು ಹುಡುಕಲು ಯಾವ ಆಪೂ ಬೇಕಿರಲಿಲ್ಲ. ಲ್ಯಾಪ್‌ಟಾಪಿನ ಕಪ್ಪು ಕಿಟಕಿಯಲ್ಲಿ ಪಿಂಗ್ ಎಂದು ಬರೆದು ಡಬ್ಬಿಯ ವಿಳಾಸ ಕೊಟ್ಟರೆ, ಸೆಕೆಂಡಿಗೊಂದು ಸಣ್ಣ ಸಂದೇಶ ಹೋಗಿ ಉತ್ತರ ತರುತ್ತದೆ. ಡಬ್ಬಿಯವರೆಗೆ ಒಂದೂ ತಪ್ಪಲಿಲ್ಲ. ಡಬ್ಬಿ ದಾಟಿ ಕಂಪನಿಯ ಮೊದಲ ಮೆಟ್ಟಿಲಿಗೆ ಕೊಟ್ಟರೆ, ಚೆನ್ನಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ತಪ್ಪುತ್ತಿತ್ತು, ಒಂದಷ್ಟು ಹೊತ್ತು ಗುಂಪಾಗಿ ತಪ್ಪಿ, ಮತ್ತೆ ಸರಿ. ತಪ್ಪು ಮನೆಯೊಳಗಲ್ಲ, ಮುಂಬೈಯಲ್ಲೂ ಅಲ್ಲ; ನಮ್ಮ ಕಿಟಕಿಗೂ ಕೇಬಲಿನವರ ಆಫೀಸಿಗೂ ನಡುವೆ.

ಫೋನಿನ ಕಡೆಯಿಂದಲೂ ಪ್ರಯತ್ನ ನಡೆದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಫೈಬರ್ ಕೈಕೊಟ್ಟಾಗ ಮೊಬೈಲ್ ಹಾಟ್‌ಸ್ಪಾಟು. ಟ್ರಾಯ್‌ನವರ ಮೈಸ್ಪೀಡ್ ಆಪ್ 2016ರಿಂದ ಇದೆ, ಹುಡುಗ ಅದನ್ನು ಹಾಕಿಕೊಂಡು ಊರೆಲ್ಲ ಅಳೆದ. ಜಗಲಿಯಲ್ಲಿ ಒಂದು, ಹಿತ್ತಲಲ್ಲಿ ಇನ್ನೊಂದು, ಟ್ಯಾಂಕಿನ ಮೇಲೆ ಮೂರನೆಯದು. ಊಕ್ಲಾದಲ್ಲಿ ನೋಡಿದರೆ ಒಮ್ಮೆ ಬೆಂಗಳೂರಿನ ಸರ್ವರ್, ಒಮ್ಮೆ ಹೈದರಾಬಾದಿನದು. "ಮಾವ, ನಾವು ಹೈದರಾಬಾದ್‌ನಾಗಿದ್ದೀವಂತೆ!" ಎಂದು ಕೂಗಿದ. ನಾವು ಎಲ್ಲಿದ್ದೇವೆ ಎಂಬುದನ್ನು ಟೆಸ್ಟು ಐಪಿ ವಿಳಾಸದಿಂದ ಊಹಿಸುವುದುಂಟು. ಫೋನಿನ ಮಾಹಿತಿ ಯಾವ ನಗರದ ಬಾಗಿಲಿಂದ ಇಂಟರ್ನೆಟ್ಟಿಗೆ ಇಳಿಯುತ್ತದೋ ಅದೇ ನಮ್ಮೂರಾಗುತ್ತದೆ. ಗಡಿಯೂರಿನವರು ಮೊಬೈಲಿನಲ್ಲಿ ಎರಡು ಸಲ ಅಳೆದು ಎರಡು ಉತ್ತರ ಪಡೆದರೆ, ಅವರು ಎರಡು ಬೇರೆ ದಾರಿ ಅಳೆದಿರುವ ಸಾಧ್ಯತೆಯೇ ಹೆಚ್ಚು. ಹುಡುಗನ ಸಮೀಕ್ಷೆ ಬೇಗ ಮುಗಿಯಿತು. ಟೆಸ್ಟು ಬಿಟ್ಟಿ ಬರುವುದಿಲ್ಲ. ವೇಗ ಚೆನ್ನಾಗಿದ್ದರೆ ಒಂದು ಟೆಸ್ಟೇ ಹತ್ತಾರು ಎಂಬಿ ನುಂಗುತ್ತದೆ. ದಿನದ ಒಂದೂವರೆ ಜಿಬಿ ಮಧ್ಯಾಹ್ನಕ್ಕೇ ಖಾಲಿಯಾಗಿ, ಸಂಜೆ ಅಕ್ಕನಿಂದ ಬೈಸಿಕೊಂಡ.

ಫೈಬರ್ ಸೋರುವ ಜಾಗ ಹೇಳಿದವಳು ಅಮ್ಮ. ಆಷಾಢ ಬಂದಿತ್ತು. ನಮ್ಮ ಬಯಲಿನಲ್ಲಿ ಆಷಾಢದ ಗಾಳಿ ಎಂದರೆ ಒಣಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಅಮ್ಮ ಹುಣಿಸೆ ಮರದ ಕೆಳಗೆ ಕೂತು ಕಡ್ಲೆಕಾಯಿ ಬೀಜ ಬಿಡಿಸುತ್ತಿದ್ದಳು. "ಗಾಳಿ ಬಂದಾಗ್ಲೇ ಕಣೋ ನೀನು ಹಲೋ ಹಲೋ ಅಂತ ಅರಚ್ಕೊಳ್ಳೋದು" ಎಂದಳು. ನಾನೂ ಅಕ್ಕನ ಮಗನೂ ಕ್ಯಾಲೆಂಡರ್ ತೆಗೆದು ನೋಡಿದೆವು. ಹೊತ್ತು ಬರೆದಿದ್ದೆವು, ಗಾಳಿ ಬರೆದಿರಲಿಲ್ಲ. ಆದರೆ ಕೆಟ್ಟ ಅಂಕಿಗಳೆಲ್ಲ ಮಧ್ಯಾಹ್ನದ ಮೇಲೆ ಗುಂಪುಗೂಡಿದ್ದವು. ಬೆಳಗಿನ ಜಾವ ಒಂದೂ ಇರಲಿಲ್ಲ.

ಈ ಸಲ ಕೇಬಲಿನವರಿಗೆ ಸ್ಪೀಡು ಕಡಿಮೆ ಎಂದು ಹೇಳಲಿಲ್ಲ. "ಡಬ್ಬಿ ದಾಟಿದ ಮೇಲೆ ಪ್ಯಾಕೆಟ್ ಬೀಳ್ತಿದೆ, ಗಾಳಿ ಬಂದಾಗ ಹೆಚ್ಚು, ಪವರ್ ಮೀಟರ್ ತಗೊಂಡು ಬನ್ನಿ" ಎಂದೆ. ಕೇಬಲ್ ಹುಡುಗನ ಬದಲು ಹಿರಿಯ ಲೈನ್‌ಮನ್ ಬಂದರು. ವೈಯರಿನ ತುದಿ ಬಿಚ್ಚಿ ಮೀಟರಿಗೆ ಚುಚ್ಚಿದರು. ಫೈಬರಿನಲ್ಲಿ ಬರುವುದು ಬೆಳಕು. ಎಷ್ಟು ಬೆಳಕು ಬಂದು ಮುಟ್ಟುತ್ತದೆ ಎಂಬುದನ್ನು ಮೈನಸ್ ಅಂಕಿಯಲ್ಲಿ ಹೇಳುತ್ತಾರೆ, ಸೊನ್ನೆಯಿಂದ ಕೆಳಕ್ಕೆ ಇಳಿದಷ್ಟೂ ಕತ್ತಲು. ಮನೆಯ ಇಂಥ ಡಬ್ಬಿಗಳಿಗೆ ಮೈನಸ್ 27 ಕೊನೆಯ ಗೆರೆ. ಮೀಟರು ಮೈನಸ್ 26 ತೋರಿಸಿತು. ಗಾಳಿ ಬೀಸಿ ಹುಣಿಸೆ ಕೊಂಬೆ ಅಲ್ಲಾಡಿತು. ಮೈನಸ್ 28. ಮತ್ತೆ 26. ಅವರು ಮೀಟರನ್ನು ಅಮ್ಮನ ಕಡೆ ತಿರುಗಿಸಿ ಹಿಡಿದು, "ಅಮ್ಮ, ನಿಮ್ ಮರ ಡ್ಯಾನ್ಸ್ ಮಾಡ್ತೈತೆ, ಇಲ್ಲಿ ನಂಬರು ಡ್ಯಾನ್ಸ್ ಮಾಡ್ತೈತೆ" ಎಂದರು. "ನಾನಂದಿದ್ದೇನು ಮತ್ತೆ?" ಎಂದಳು ಅಮ್ಮ, ಬೀಜ ಬಿಡಿಸುವುದನ್ನು ನಿಲ್ಲಿಸದೆ.

ಮರ ಎಳೆದಾಗಲೆಲ್ಲ ಕಿಟಕಿ ಸಂದಿಯಲ್ಲಿ ವೈಯರ್ ಚೂಪಾಗಿ ಮಡಚುತ್ತಿತ್ತು. ಗಾಜಿನ ಎಳೆ ತುಂಡಾಗುವವರೆಗೆ ಕಾಯಬೇಕಿಲ್ಲ. ಅತಿಯಾಗಿ ಬಗ್ಗಿದರೆ ಸಾಕು, ಬಗ್ಗಿದ ಕಡೆಯಲ್ಲಿ ಬೆಳಕು ಹೊರಗೆ ಹೋಗಿಬಿಡುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರು, ಮರ ಬಿಟ್ಟು ಸೂರಿನ ತೊಲೆಗೆ ಕಟ್ಟಿದರು, ಸಂದಿಯಲ್ಲಿ ಅಗಲ ಸುತ್ತು ಕೊಟ್ಟರು. ಮೈನಸ್ 21, ಗಾಳಿ ಬಂದರೂ ಅದೇ. ಗೂಗಲ್ ಗುಂಡಿ ಒತ್ತಿದೆವು: 33.

ಆಮೇಲೂ ಮೂರು ಟೆಸ್ಟು ಒಂದೇ ಅಂಕಿ ಕೊಡಲಿಲ್ಲ, ಕೊಡಬೇಕಾಗಿಯೂ ಇಲ್ಲ. ಸಂಜೆ ಏಳರ ಮೇಲೆ ಎಲ್ಲವೂ ಇಳಿಯುತ್ತಿದ್ದವು: ಕಂಬದಿಂದ ಬರುವ ಒಂದು ಎಳೆ ಹತ್ತಾರು ಮನೆಗೆ ಹಂಚಿಕೆಯಾಗುತ್ತದೆ, ಊರೆಲ್ಲ ಆ ಹೊತ್ತಿಗೇ ಸಿನಿಮಾ ನೋಡುತ್ತದೆ. ಇನ್ನು ಆಫೀಸಿನ ವಿಪಿಎನ್ ಹಾಕಿಕೊಂಡು ಅಳೆದರೆ 9ಕ್ಕಿಂತ ಮೇಲೆ ಹೋಗುತ್ತಲೇ ಇರಲಿಲ್ಲ, ಸರ್ವರಿನ ಊರು ಸಿಂಗಪುರ ಎಂದು ಬರುತ್ತಿತ್ತು. ನನ್ನ ಮಾಹಿತಿಯೆಲ್ಲ ಅಲ್ಲಿಗೆ ಹೋಗಿ ವಾಪಸು ಬರುತ್ತಿತ್ತು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದಾದರೂ ಮೂರು ಸಾವಿರ ಕಿಲೋಮೀಟರ್ ಹೋಗಿಬರಲು 30 ಮಿಲಿಸೆಕೆಂಡಿನ ಮೇಲೆಯೇ ಬೇಕು. ಲೈನ್‌ಮನ್ ಮೀಟರಿನಿಂದ ಅದಕ್ಕೆ ಮದ್ದಿಲ್ಲ. ಆಫೀಸಿಗೆ ಯಾವ ಅಂಕಿ ಕಳಿಸಲಿ ಎಂದು ಯೋಚಿಸಿ, ಸರ್ವರಿನ ಹೆಸರು ಕಾಣುವಂತೆ ನಾಲ್ಕನ್ನೂ ಕಳಿಸಿದೆ. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಆ ಮಳೆಗಾಲದಲ್ಲಿ ಊರಿನ ಬೇರೆ ಮನೆಯವರೂ ಕರೆಯತೊಡಗಿದರು. ಎಲ್ಲರದೂ ಗಾಳಿಯ ಕಥೆಯಲ್ಲ. ಒಬ್ಬರ ಮನೆಯಲ್ಲಿ ಡಬ್ಬಿಯನ್ನು ಫ್ರಿಜ್ಜಿನ ಹಿಂದೆ ಇಟ್ಟಿದ್ದರು. ಇನ್ನೊಬ್ಬರ ಫೋನು ಎಷ್ಟು ಹಳೆಯದೆಂದರೆ ಅದರಿಂದ 20ರ ಮೇಲೆ ಅಳೆಯಲು ಆಗುತ್ತಲೇ ಇರಲಿಲ್ಲ. ಬಿಸಿಲಲ್ಲಿ ಹಿಡಿದರೆ ಕಾದು ಇನ್ನೂ ಕುಂಟುತ್ತಿತ್ತು. ಹುಡುಗನೇ ಹೋಗಿ ನೋಡಿ ಬರುತ್ತಿದ್ದ.

ಅವನೀಗ ತುಮಕೂರಿನಲ್ಲಿ ಇಂಜಿನಿಯರಿಂಗ್. ಮೊನ್ನೆ ಹಾಸ್ಟೆಲಿನಿಂದ ಫೋನ್ ಮಾಡಿದ್ದ. "ಮಾವ, ಇಲ್ಲಿ ವೈಫೈ ನೂರಾ ಹತ್ತು ತೋರಿಸ್ತೈತೆ, ಕ್ಲಾಸಿನ ವಿಡಿಯೋ ಮಾತ್ರ ಗಿರಗಿರ ತಿರುಗ್ತೈತೆ."

"ಸರ್ವರ್ ಯಾವೂರ್ದು?"

"ಇದೇ ತುಮಕೂರ್ದು. ನೋಡ್ದೆ ಅದನ್ನ. ದೂರದ್ದು ಹಾಕಿ, ಒಂದೇ ಸಂಪರ್ಕ ಇಟ್ಟು ನೋಡಿದ್ರೆ ಏಳು."

"ವೈಯರ್ ಹಾಕಿ ನೋಡು ಹಂಗಾದ್ರೆ."

"ಈ ಲ್ಯಾಪ್‌ಟಾಪ್‌ನಾಗೆ ವೈಯರ್ ಚುಚ್ಚೋ ತೂತೇ ಇಲ್ಲ ಮಾವ" ಎಂದ.